ಫರಸಿ ಪೇಟೆಗೆ, ತೆಗ್ಗು ರೈತನಿಗೆ

ಮುದ್ದೇಬಿಹಾಳ ದಾಟಿ ತಾಳಿಕೋಟೆ ಸೀಮೆಯ ಹಳ್ಳಿಗೆ ಬಂದ ಪೇಟೆ ಮಂದಿ ಸುಣ್ಣದಕಲ್ಲಿನ ಪದರ ನೋಡಿ 'ಏನು ಚೆಂದ!' ಎನ್ನುತ್ತಾರೆ. ಭೂವಿಜ್ಞಾನಿಗಳು ಈ ಕಲ್ಲಿಗೆ ತಾಳಿಕೋಟೆಯ ಹೆಸರನ್ನೇ ಇಟ್ಟಿದ್ದಾರೆ. ಚೆಂದ ಖರೆ. ಆದರೆ ಹೊಲ ಖಣಿಯಾದದ್ದು ಯಾಕೆ, ಕೇಳಿದಿರೇನು?

2025-26ಕ್ಕೆ ಕೇಂದ್ರ ಸರಕಾರ ತೊಗರಿಗೆ ಕ್ವಿಂಟಲಿಗೆ 8,000 ರೂಪಾಯಿ ಬೆಂಬಲ ಬೆಲೆ ಸಾರಿತು. ಸಾರಿದ ಬೆಲೆ ಬೇರೆ, ಕೈಗೆ ಬರುವ ಬೆಲೆ ಬೇರೆ. ಬೆಳೆ ಮಾರಿ ಸಾಲ ತೀರದಾಗ ರೈತ ಹೊಲದಡಿಯ ಕಲ್ಲು ಮಾರುತ್ತಾನೆ. ಅದಕ್ಕೆ ಸಾರಿದ ಬೆಲೆಯೂ ಇಲ್ಲ. ಕೊಳ್ಳುವವನು ಹೇಳಿದ್ದೇ ದರ. ಸರಕಾರಕ್ಕೆ ರಾಜಧನ, ಗುತ್ತಿಗೆದಾರನಿಗೆ ಲಾಭ, ರೈತನಿಗೆ ನಾಲ್ಕು ಕಾಸು, ಕಡೆಗೆ ತೆಗ್ಗು. ತೆಗ್ಗಿನಲ್ಲಿ ಜೋಳ ಬೆಳೆಯುವುದಿಲ್ಲ, ಸ್ವಾಮಿ!

ಸರಕಾರ ಬೆಳೆಗೆ ಬೆಲೆ ಕೊಡಲಿ, ಕಲ್ಲಿಗೆ ದರ ಕಟ್ಟಲಿ, ತೆಗ್ಗು ಮುಚ್ಚಿಸದೆ ಗುತ್ತಿಗೆದಾರನನ್ನು ಬಿಡದಿರಲಿ.