ಕೈ ಮುಟ್ಟದಿದ್ದರೆ ದೋಷ ತಟ್ಟದೇ?

ಗೋಡೆಯ ಸಾಕೆಟ್ಟಿಗೂ ದೀಪ, ಫ್ಯಾನುಗಳಿಗೂ ನಡುವೆ ಸಿಕ್ಕಿಸುವ ಪುಟ್ಟ ಉಪಕರಣವೊಂದು ಇಂದು ಶ್ರಾವಕರ ಮನೆಗಳಿಗೂ ಬಸದಿಗಳಿಗೂ ಕಾಲಿಟ್ಟಿದೆ. ಸ್ಮಾರ್ಟ್ ಪ್ಲಗ್ ಎಂಬುದು ಅದರ ಹೆಸರು. ಮನೆಯ ವೈಫೈ ಜಾಲಕ್ಕೆ ಸೇರಿಕೊಂಡು, ಮೊಬೈಲಿನ ಸ್ಪರ್ಶಕ್ಕೆ, ಬಾಯಿಮಾತಿನ ಆಜ್ಞೆಗೆ ಅಥವಾ ಮೊದಲೇ ಗೊತ್ತುಪಡಿಸಿದ ವೇಳೆಗೆ ಅದು ವಿದ್ಯುತ್ತನ್ನು ಹರಿಸುತ್ತದೆ, ನಿಲ್ಲಿಸುತ್ತದೆ. ಉಪಕರಣದ ಬಗ್ಗೆ ತಕರಾರಿಲ್ಲ. ಅದರ ಬೆನ್ನಿಗೇ ಬಂದಿರುವ ಒಂದು ವಾದವನ್ನು ಮಾತ್ರ ಕೇಳಿ ಸುಮ್ಮನಿರುವಂತಿಲ್ಲ. ಸ್ವಿಚ್ಚನ್ನು ಯಾರೂ ಮುಟ್ಟಲಿಲ್ಲ, ಯಂತ್ರವೇ ಹೊತ್ತಿಸಿತು, ಯಂತ್ರವೇ ಆರಿಸಿತು, ಆದ್ದರಿಂದ ಆರಂಭದ ದೋಷ ಮನೆಯವರಿಗೆ ತಗುಲದು ಎಂಬುದೇ ಆ ವಾದ. ಅಷ್ಟಮಿ, ಚತುರ್ದಶಿಗಳಂದು, ದಶಲಕ್ಷಣ ಪರ್ವದಲ್ಲಿ ನಿಯಮ ಹಿಡಿದವರೂ ಹೀಗೆ ಹೇಳತೊಡಗಿರುವುದು ಖೇದದ ಸಂಗತಿ.

ಈ ವಾದ ಶ್ರಾವಕಾಚಾರದ ಮೊದಲ ಪಾಠಕ್ಕೇ ವಿರುದ್ಧವಾದುದು. ತಾನೇ ಮಾಡಿದ್ದು ಕೃತ, ಪರರಿಂದ ಮಾಡಿಸಿದ್ದು ಕಾರಿತ, ಮಾಡಿದ್ದನ್ನು ಮೆಚ್ಚಿದ್ದು ಅನುಮೋದಿತ. ಕರ್ಮದ ಆಸ್ರವಕ್ಕೆ ಮೂರೂ ಬಾಗಿಲುಗಳೇ. ಸಂಜೆ 6 ಗಂಟೆಗೆ ದೀಪ ಹೊತ್ತಲೆಂದು ಬೆಳಗ್ಗೆಯೇ ವೇಳೆ ನಿಶ್ಚಯಿಸಿದವನ ಸಂಕಲ್ಪ ಎಲ್ಲಿ ಹೋಯಿತು? ಅಂಗಡಿಯ ಯಜಮಾನ ಗುಮಾಸ್ತನ ಕೈಯಿಂದ ಸುಳ್ಳು ಲೆಕ್ಕ ಬರೆಸಿ, ಅಕ್ಷರ ತನ್ನದಲ್ಲವೆಂದರೆ ಯಾವ ಲೆಕ್ಕಪರಿಶೋಧಕ ಒಪ್ಪಿಯಾನು? ಗುಮಾಸ್ತನಿಗಾದರೂ ಒಲ್ಲೆನೆನ್ನುವ ಬಾಯಿ ಇದೆ. ಪ್ಲಗ್ಗಿಗೆ ಅದೂ ಇಲ್ಲ. ಹಾಗಾಗಿ ಹೊಣೆಯೆಲ್ಲ ಆಜ್ಞಾಪಿಸಿದವನದೇ.

ಇದಕ್ಕಿಂತ ಸ್ಪಷ್ಟವಾದ ಉತ್ತರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿದೆ. ಇಷ್ಟು ಕಾಲ ಈ ಮೇರೆಯನ್ನು ದಾಟೆನೆಂಬ ನಿಯಮ ದೇಶವ್ರತ. ಅದಕ್ಕೆ ಉಮಾಸ್ವಾಮಿ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ. ಮೇರೆಯ ಹೊರಗಿನಿಂದ ವಸ್ತುವನ್ನು ತರಿಸುವುದು ಆನಯನ. ಆಳಿನಿಂದ ಹೊರಗಣ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಕೆಮ್ಮಿಯೋ ದನಿ ಮಾಡಿಯೋ ಹೊರಗಿನವರಿಗೆ ಸೂಚನೆ ಕೊಡುವುದು ಶಬ್ದಾನುಪಾತ. ತನ್ನ ರೂಪ ತೋರಿಸಿ ತಿಳಿಸುವುದು ರೂಪಾನುಪಾತ. ಕಲ್ಲು, ಹೆಂಟೆ ಎಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ. ಬಸದಿಯ ಆವರಣವನ್ನೇ ಮೇರೆಯಾಗಿಸಿಕೊಂಡ ಶ್ರಾವಕ ಅಲ್ಲಿಂದಲೇ ಮೊಬೈಲ್ ಒತ್ತಿ ಮನೆಯ ಪಂಪು ಓಡಿಸಿದರೆ ಅದು ಪ್ರೇಷ್ಯಪ್ರಯೋಗವಲ್ಲದೆ ಮತ್ತೇನು? ಬಾಯಿಮಾತಿನಿಂದ ಓಡಿಸಿದರೆ ಶಬ್ದಾನುಪಾತದ ನೆರಳು ಬೀಳದೇ? ಆಳಿನ ಜಾಗದಲ್ಲಿ ಯಂತ್ರ ಬಂದಿದೆ, ಅಷ್ಟೇ. ದೇಹ ಮೇರೆಯೊಳಗಿದ್ದರೂ ಇಚ್ಛೆ ಮೇರೆ ದಾಟಿದೆ. ವ್ರತ ಹಿಡಿದದ್ದು ಇಚ್ಛೆಯನ್ನು ಕಟ್ಟಲೆಂದೇ ಅಲ್ಲವೇ?

ವಿದ್ಯುತ್ತು ಸಚಿತ್ತವೋ ಅಚಿತ್ತವೋ ಎಂಬುದೇ ತೀರ್ಮಾನವಾಗಿಲ್ಲವೆಂದು ಕೆಲವರು ಜಾರಿಕೊಳ್ಳುತ್ತಾರೆ. ಆ ಚರ್ಚೆ ಹೇಗೆ ಮುಗಿದರೂ, ಮಳೆಗಾಲದ ಸಂಜೆ ಯಾರೂ ಇಲ್ಲದ ಜಗಲಿಯಲ್ಲಿ ತಾನಾಗಿ ಹೊತ್ತಿದ ದೀಪಕ್ಕೆ ಮುತ್ತಿ ಸಾಯುವ ಹಾತೆಗಳು ತ್ರಸಜೀವಿಗಳೆಂಬುದರಲ್ಲಿ ಚರ್ಚೆಯಿಲ್ಲ. ಕೈಯಾರೆ ದೀಪ ಹಾಕುವವನು ಬಾಗಿಲಿಗೆ ಬರುತ್ತಾನೆ. ಹುಳುಗಳು ಮುತ್ತುವುದನ್ನೂ ಗೋಡೆಯ ಮೇಲೆ ಹಲ್ಲಿ ಹೊಂಚುವುದನ್ನೂ ಕಂಡು ಆರಿಸಿಯಾನು. ಯತ್ನಾಚಾರಕ್ಕೆ ಕಣ್ಣು ಬೇಕು, ಕರುಣೆ ಬೇಕು. ಪ್ಲಗ್ಗಿಗೆ ಎರಡೂ ಇಲ್ಲ. ನಿಷ್ಪ್ರಯೋಜನವಾಗಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆಣಕುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಬರಿದಾದ ಕೋಣೆಯಲ್ಲಿ ತಿರುಗುವ ಫ್ಯಾನು, ಜನವಿಲ್ಲದ ಪ್ರಾಕಾರದಲ್ಲಿ ಉರಿಯುವ ದೀಪ ಇದಕ್ಕೆ ಇಂದಿನ ನಿದರ್ಶನಗಳು.

ಉಳಿತಾಯವಾಗುತ್ತದೆ ಎನ್ನುವವರು ಲೆಕ್ಕವನ್ನೂ ನೋಡಲಿ. ಆಜ್ಞೆಗಾಗಿ ಸದಾ ಎಚ್ಚರವಿರಬೇಕಾದ ಪ್ಲಗ್ ತಾನೂ ಅಲ್ಪ ವಿದ್ಯುತ್ತನ್ನು ನುಂಗುತ್ತದೆ. ಅದು 1 ವ್ಯಾಟ್ ಎಂದಿಟ್ಟುಕೊಂಡರೆ ವರ್ಷಕ್ಕೆ 8.76 ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ 2 ಗಂಟೆ ಉರಿದರೆ ವರ್ಷಕ್ಕೆ 6.57 ಯೂನಿಟ್ ಮಾತ್ರ. ದೀಪಕ್ಕಿಂತ ದೀಪದ ಕಾವಲುಗಾರನೇ ಹೆಚ್ಚು ಉಂಡಂತಾಯಿತು! ಆದರೆ 1 ಅಶ್ವಶಕ್ತಿಯ ಪಂಪನ್ನು ಮರೆತರೆ ಗಂಟೆಗೆ ಮುಕ್ಕಾಲು ಯೂನಿಟ್ಟಿಗೂ ಮಿಕ್ಕ ವಿದ್ಯುತ್ತಿನ ಜೊತೆಗೆ ಟ್ಯಾಂಕು ತುಂಬಿ ಹರಿಯುವ ನೀರೂ ಪೋಲು, ಅಪ್ಕಾಯ ಜೀವಗಳ ಹಿಂಸೆಯೂ ಸೇರಿತು. ಅಂಥಲ್ಲಿ ಆ ಭಾರ ತಾಳುವ ಪ್ಲಗ್ಗನ್ನು ತಕ್ಕ ವೇಳೆಗೆ ನಿಲ್ಲಿಸಲು ಇಟ್ಟರೆ ಅದು ಅಹಿಂಸೆಗೆ ನೆರವೇ ಆದೀತು.

ಆದುದರಿಂದ ಶ್ರಾವಕರಿಗೆ ಒಂದೇ ಸೂತ್ರ ಸಾಕು: ಯಂತ್ರ ನಿಲ್ಲಿಸಲಿ, ಆರಂಭಿಸುವವನು ಮನುಷ್ಯನೇ ಆಗಿರಲಿ, ಅದೂ ಕಣ್ಣೆದುರಿನಲ್ಲಿ. ಏಳಲಾರದ ವೃದ್ಧರು, ರೋಗಿಗಳು ಹಾಸಿಗೆಯಿಂದಲೇ ದೀಪ ಹಾಕಿಕೊಂಡರೆ ಅದು ಪ್ರಯೋಜನವುಳ್ಳದ್ದು, ಅನರ್ಥದಂಡವಲ್ಲ. ಪರ್ವದಿನಗಳಲ್ಲಿ ನಿಯಮ ಹಿಡಿಯುವವರು ಮೇರೆಯೊಡನೆ ಮೊಬೈಲಿನ ಆಜ್ಞೆಯನ್ನೂ ತ್ಯಜಿಸಲಿ. ಬಸದಿಗಳ ಟ್ರಸ್ಟುಗಳು ಹೊರಾವರಣದ ದೀಪಗಳನ್ನು ವೇಳೆಯ ಯಂತ್ರಕ್ಕೆ ಒಪ್ಪಿಸದೆ, ಜನ ಬಂದಾಗ ಹಾಕಿ ಹೋದಾಗ ಆರಿಸುವ ಹೊಣೆಯನ್ನು ಒಬ್ಬರಿಗೆ ವಹಿಸಲಿ. ಚಾತುರ್ಮಾಸದಲ್ಲಂತೂ ಇದು ತಪ್ಪಕೂಡದು.

ಕೈಗೆ ಬಿಡುವು ಕೊಡುವ ಯಂತ್ರಗಳು ಇನ್ನೂ ಬರುತ್ತವೆ, ಬರಲಿ. ವಿವೇಕಕ್ಕೆ ಬಿಡುವು ಕೊಡುವ ಯಂತ್ರ ಮಾತ್ರ ಶ್ರಾವಕನ ಮನೆಗೆ ಬರಬಾರದು.