ಬಿದ್ದ ಹಲ್ಲು, ಬಾಳೆ ಎಲೆ ಮತ್ತು ಭಾವನ ಅವಸರ

ಹಲ್ಲಿನ ವಿಷಯ ಬರೆಯೋಕೆ ನಾನೇನು ಡಾಕ್ಟರಲ್ಲ. ಆದರೆ ಕಳೆದ ನಾಲ್ಕು ವರ್ಷದಲ್ಲಿ ಅಕ್ಕನ ಇಬ್ಬರು ಮಕ್ಕಳ ಹಲ್ಲಿನ ಹಿಂದೆ ಎಷ್ಟು ಸಲ ಆಗುಂಬೆ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬಂದಿದ್ದೀನಿ ಅಂತ ಲೆಕ್ಕ ಇಟ್ಟಿಲ್ಲ. ಹಾಗಾಗಿ ಒಂದೆರಡು ಮಾತು ಹೇಳೋ ಹಕ್ಕು ನನಗೂ ಇದೆ ಅಂದ್ಕೊಂಡಿದ್ದೀನಿ :)

ಶುರುವಾಗಿದ್ದು ಸೈಕಲ್ಲಿಂದ. ಪುಟ್ಟಿಗೆ ಆಗ ಒಂಬತ್ತು ವರ್ಷ. ಮನೆ ಮುಂದಿನ ಇಳಿಜಾರಿನಲ್ಲಿ ಬಿದ್ದಳು, ಮೇಲಿನ ಮುಂದಿನ ಹಲ್ಲು ಬೇರು ಸಮೇತ ಹೊರಗೆ ಬಂತು. ಹಾಲುಹಲ್ಲಲ್ಲ, ಹುಟ್ಟಿ ಎರಡು ವರ್ಷ ಆಗಿದ್ದ ಶಾಶ್ವತ ಹಲ್ಲು. ಮನೆಯವರು ಏನು ಮಾಡಬಾರದೋ ಅದನ್ನೇ ಮಾಡಿದರು. ಮಣ್ಣಾಗಿದೆ ಅಂತ ಹಲ್ಲನ್ನ ಸೋಪು ಹಾಕಿ ತಿಕ್ಕಿ ತೊಳೆದು, ಕರ್ಚೀಫಲ್ಲಿ ಸುತ್ತಿ, ಎರಡು ಗಂಟೆ ಬಿಟ್ಟು ಡಾಕ್ಟರ ಮುಂದೆ ಇಟ್ಟರು. ಅಷ್ಟೊತ್ತಿಗೆ ಎಲ್ಲ ಮುಗಿದಿತ್ತು. ಬೇರಿನ ಮೇಲೆ ಅಂಟಿಕೊಂಡಿರೋ ತೆಳು ಪೊರೆಯ ಜೀವಕೋಶಗಳು ಒಣಗಿ ಹೋದರೆ ಹಲ್ಲು ಮತ್ತೆ ಸರಿಯಾಗಿ ಕೂರೋದಿಲ್ಲ. ಆ ಬೇರನ್ನ ಮುಟ್ಟದೆ, ಮೇಲ್ಭಾಗ ಮಾತ್ರ ಹಿಡಿದು, ನೀರಲ್ಲಿ ಸುಮ್ಮನೆ ಒಂದು ಸಲ ಅದ್ದಿ ಅಲ್ಲೇ ಗುಳಿಯೊಳಗೆ ಕೂರಿಸಬೇಕಂತೆ. ಧೈರ್ಯ ಬರದಿದ್ದರೆ ಒಂದು ಲೋಟ ತಣ್ಣನೆ ಹಾಲಿಗೆ ಹಾಕಿ ಓಡಬೇಕಂತೆ. ಮನೇಲಿ ಕರೆಯೋ ಎಮ್ಮೆ ಇತ್ತು, ಹಾಲಿತ್ತು, ಗೊತ್ತಿರಲಿಲ್ಲ ಅಷ್ಟೆ. (ಇದು ಶಾಶ್ವತ ಹಲ್ಲಿಗೆ ಮಾತ್ರ. ಬಿದ್ದ ಹಾಲುಹಲ್ಲನ್ನ ಮತ್ತೆ ಒಳಗೆ ತುರುಕಬಾರದು, ಕೆಳಗೆ ಬೆಳೀತಿರೋ ಹೊಸ ಹಲ್ಲಿಗೆ ಪೆಟ್ಟು ಬೀಳುತ್ತೆ.)

ಅಲ್ಲಿಂದ ಭಾವನ ಅವಸರ ಶುರು. ‘ಹೆಣ್ಣು ಮಗು, ಖರ್ಚೆಷ್ಟಾದರೂ ಆಗಲಿ, ಸ್ಕ್ರೂ ಹಾಕಿಸಿ ಪರ್ಮನೆಂಟ್ ಹಲ್ಲು ಕೂರಿಸಿಬಿಡೋಣ’ ಅಂತ ಒಂದೇ ಹಟ. ಹತ್ತಿರದ ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಸ್ಕ್ರೂ ಬೇಡ, ಅಕ್ಕಪಕ್ಕದ ಎರಡು ಹಲ್ಲು ಉಜ್ಜಿ ಸಣ್ಣ ಮಾಡಿ ಬ್ರಿಡ್ಜ್ ಕೂರಿಸೋಣ ಅಂದರು. ಅಕ್ಕ ಒಪ್ಪಿಯೂ ಆಗಿತ್ತು. ನನಗೆ ಯಾಕೋ ಸರಿ ಕಾಣಲಿಲ್ಲ, ಎರಡು ಒಳ್ಳೆ ಹಲ್ಲು ಹಾಳು ಮಾಡಿ ಒಂದು ಸುಳ್ಳು ಹಲ್ಲು ತರೋದು ಯಾವ ಲೆಕ್ಕ? ಜಗಳ ಮಾಡಿ ಮಂಗಳೂರಿನ ಒಂದು ದಂತ ಕಾಲೇಜಿನ ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಹೋದೆ.

ಅಲ್ಲಿದ್ದ ಮೇಡಂ ಭಾವನಿಗೆ ಕಾಗದದ ಮೇಲೆ ದವಡೆ ಬರೆದು ತೋರಿಸಿದರು. ನಮ್ಮ ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ, ಮಧ್ಯೆ ಆ ಪೊರೆ ಇದೆ. ಅದರಿಂದಲೇ ದವಡೆ ಬೆಳೆದ ಹಾಗೆ ಹಲ್ಲೂ ಜೊತೆಗೆ ಸರಿಯುತ್ತೆ. ಟೈಟಾನಿಯಮ್ ಇಂಪ್ಲಾಂಟ್ ಹಾಗಲ್ಲ, ಮೂಳೆಗೇ ಬೆಸೆದುಕೊಳ್ಳುತ್ತೆ. ಸ್ವೀಡನ್ನಿನ ಬ್ರೊನೆಮಾರ್ಕ್ 1965ರಲ್ಲಿ ಮೊದಲ ಸಲ ರೋಗಿಯೊಬ್ಬರ ಬಾಯಲ್ಲಿ ಕೂರಿಸಿದ್ದು ಇದೇ ಗುಣ ನಂಬಿಕೊಂಡು. ದೊಡ್ಡವರಿಗೆ ವರ. ಒಂಬತ್ತು ವರ್ಷದ ಮಗುವಿಗೆ ಹಾಕಿದರೆ ಅಕ್ಕಪಕ್ಕದ ಹಲ್ಲುಗಳು ಬೆಳವಣಿಗೆ ಜೊತೆ ಕೆಳಗೆ ಬರ್ತಾ ಹೋಗ್ತವೆ, ಇದೊಂದು ಮಾತ್ರ ಇದ್ದಲ್ಲೇ ಉಳಿದು ಮೇಲೆ ಸಿಕ್ಕಿಹಾಕಿಕೊಂಡ ಹಾಗೆ ಕಾಣುತ್ತೆ. ಗೋಡೆ ಏಳೋ ಮೊದಲೇ ಕಿಟಕಿ ಕೂರಿಸಿದ ಹಾಗೆ. ಹುಟ್ಟಿನಿಂದಲೇ ಬಹಳಷ್ಟು ಹಲ್ಲುಗಳಿಲ್ಲದ ಕೆಲವು ಮಕ್ಕಳಿಗೆ ಕೆಳದವಡೆಯ ಮುಂಭಾಗದಲ್ಲಿ ಬೇಗ ಹಾಕೋದುಂಟು, ಅದು ಬೇರೆ ಕತೆ. ಬ್ರಿಡ್ಜ್ ವಿಷಯಕ್ಕೆ ಮೇಡಂ ಒಂದೇ ಮಾತು ಹೇಳಿದ್ದು: ಈ ವಯಸ್ಸಲ್ಲಿ ಹಲ್ಲೊಳಗಿನ ನರದ ಕೋಣೆ ದೊಡ್ಡದು, ಉಜ್ಜಿದರೆ ನರಕ್ಕೇ ತಾಗಬಹುದು.

ಹಾಗಾದರೆ ಏನು ಮಾಡೋದು? ಒಂದು, ಕ್ಲಿಪ್ಪು ಹಾಕಿ ಪಕ್ಕದ ಹಲ್ಲುಗಳನ್ನೇ ಎಳೆದು ಜಾಗ ಮುಚ್ಚೋದು. ಎಲ್ಲರ ಬಾಯಿಗೂ ಅದು ಹೊಂದೋದಿಲ್ಲ. ಇನ್ನೊಂದು ಕೇಳಿ ನಾನು ಬಾಯಿ ತೆರೆದುಬಿಟ್ಟೆ. ಅದೇ ಮಗುವಿನ ಇನ್ನೂ ಬೇರು ಪೂರ್ತಿ ಬೆಳೆಯದ ಸಣ್ಣ ದವಡೆ ಹಲ್ಲೊಂದನ್ನ ಕಿತ್ತು ಮುಂದೆ ನೆಡ್ತಾರಂತೆ! ಅಡಿಕೆ ಸಸಿ ಕಿತ್ತು ನೆಟ್ಟ ಹಾಗೆ. ಅದು ಜೀವಂತ ಹಲ್ಲಾದ್ದರಿಂದ ದವಡೆ ಜೊತೆ ಬೆಳೆಯುತ್ತೆ. ನಾರ್ವೆ, ಡೆನ್ಮಾರ್ಕ್ ಕಡೆ ದಶಕಗಳಿಂದ ಮಾಡ್ತಾ ಬಂದಿದ್ದಾರೆ. ಆದರೆ ಅದರಲ್ಲಿ ಪಳಗಿದ ಕೈ ಬೇಕು, ಸರಿಯಾದ ವಯಸ್ಸೂ ಬೇಕು. ನಮಗೆ ಎರಡೂ ಕೂಡಿ ಬರಲಿಲ್ಲ.

ಕೊನೆಗೆ ಉಳಿದಿದ್ದು ತೆಗೆದು ಹಾಕೋ ಪ್ಲೇಟು. ಅಂಗುಳಿಗೆ ಕೂರೋ ಗುಲಾಬಿ ಬಣ್ಣದ ಪ್ಲಾಸ್ಟಿಕ್ಕು, ಅದಕ್ಕೊಂದು ಹಲ್ಲು, ಹಿಡಿಯೋಕೆ ತಂತಿ. ಅಗ್ಗದ ಕೆಲಸ, ದವಡೆ ಬೆಳೆದ ಹಾಗೆ ಬದಲಿಸಬೇಕು, ಮೊದಲ ವಾರ ಮಾತು ತೊದಲುತ್ತೆ. ಭಾವನಿಗೆ ಅಸಮಾಧಾನ, ‘ಇದೆಂಥ ಮುದುಕರ ಹಲ್ಲುಸೆಟ್ಟು’ ಅಂತ. ಬಿದ್ದಾಗಿನಿಂದ ಆ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗ್ತಿದ್ದಳು, ಶಾಲೆಯಲ್ಲಿ ‘ಬೊಚ್ಚುಬಾಯಿ’ ಅಂತ ಕರೀತಿದ್ದರು. ಪ್ಲೇಟು ಹಾಕಿದ ಮೂರನೇ ದಿನ ಕೈ ಇಳಿಸಿದಳು. ಆ ವಯಸ್ಸಿಗೆ ಬೇಕಾಗಿದ್ದು ಅಷ್ಟೇ ಅಂತ ನನ್ನ ವಾದ. ಹತ್ತು ವರ್ಷದ ನಂತರದ ಹಲ್ಲನ್ನ ಇವತ್ತೇ ಬಾಯಿಗೆ ಹಾಕೋ ದರ್ದು ಅವಳಿಗಿರಲಿಲ್ಲ, ನಮಗಿತ್ತು.

ಆ ಪ್ಲೇಟಿನ ಗತಿ ಏನಾಯ್ತು ಅಂತ ಕೇಳಬೇಡಿ. ಮದುವೆ ಊಟದಲ್ಲಿ ಹೋಳಿಗೆ ತಿನ್ನೋಕೆ ಅಡ್ಡ ಬರುತ್ತೆ ಅಂತ ತೆಗೆದು ಎಲೆ ತುದಿಗೆ ಇಟ್ಟಿದ್ದಳು. ಎಲೆ ಮಡಚಿ ಎದ್ದಳು. ನಾನೂ ಭಾವನೂ ಛತ್ರದ ಹಿಂದೆ ಎಂಜಲೆಲೆಗಳ ರಾಶಿಯಲ್ಲಿ ಒಂದು ಗಂಟೆ ಹುಡುಕಿ, ಸಿಗದೆ, ಹೊಸದು ಮಾಡಿಸಿದ್ದಾಯ್ತು :)

ಈಗ ಅವಳಿಗೆ ಹದಿಮೂರು. ಹೋದ ವರ್ಷ ಹಿಂಬದಿಯಿಂದ ಒಂದೇ ರೆಕ್ಕೆಯಲ್ಲಿ ಪಕ್ಕದ ಹಲ್ಲಿಗೆ ಅಂಟಿಸೋ ಹಲ್ಲು ಹಾಕಿದ್ದಾರೆ, ಮೇರಿಲ್ಯಾಂಡ್ ಬ್ರಿಡ್ಜ್ ಅಂತಾರೆ. ಪಕ್ಕದ ಹಲ್ಲನ್ನ ಹೆಚ್ಚೇನೂ ಉಜ್ಜಿಲ್ಲ. ಒಂದು ಸಲ ಕಿತ್ತು ಬಂತು, ಮತ್ತೆ ಅಂಟಿಸಿದರು. ಕಾಯೋದೂ ಪುಕ್ಕಟೆ ಅಲ್ಲ ಅಂತ ಒಪ್ಪಿಕೊಳ್ಳಬೇಕು. ಬೇರಿಲ್ಲದ ಜಾಗದ ಮೂಳೆ ತೆಳುವಾಗ್ತಾ ಹೋಗುತ್ತೆ, ಮುಂದೆ ಬೆಳವಣಿಗೆ ನಿಂತ ಮೇಲೆ ಇಂಪ್ಲಾಂಟ್ ಹಾಕಿಸಬೇಕು ಅಂದರೆ ಮೂಳೆ ತುಂಬಿಸಬೇಕಾಗಬಹುದು. ಅದು ಗೊತ್ತಿದ್ದೇ ಕಾಯ್ತಿದ್ದೀವಿ.

ನನಗೆ ಹೊಟ್ಟೆ ಉರಿಯೋದು ಇನ್ನೊಂದು ವಿಷಯಕ್ಕೆ. ಅದೇ ವರ್ಷ ಅವಳ ತಮ್ಮನಿಗೆ ಏಳು ವರ್ಷ. ಕೆಳಗಿನ ಕೊನೇ ಹಾಲು ದವಡೆಹಲ್ಲು ಹುಳುಕಾಗಿ ನೋವು ತಡೆಯಲಾರದೆ ಕೀಳಿಸಿದರು. ‘ಬೀಳೋ ಹಲ್ಲು ತಾನೇ’ ಅಂತ ಐಸ್‌ಕ್ರೀಮ್ ಕೊಡಿಸಿ ಮನೆಗೆ ಕರೆತಂದರು. ಅಜ್ಜಿ ಅದನ್ನ ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆದೂ ಆಯ್ತು. ಆ ಜಾಗಕ್ಕೆ ಹೊಸ ಹಲ್ಲು ಬರೋದು ಹನ್ನೊಂದು ಹನ್ನೆರಡನೇ ವರ್ಷಕ್ಕೆ. ಅಷ್ಟರೊಳಗೆ ಆರನೇ ವರ್ಷಕ್ಕೆ ಹುಟ್ಟಿದ ಹಿಂದಿನ ಶಾಶ್ವತ ದವಡೆಹಲ್ಲು ಮುಂದೆ ವಾಲಿಕೊಂಡು ಜಾಗ ನುಂಗಿಬಿಟ್ಟಿತು. ಈಗ ಹೊಸದು ನಾಲಿಗೆ ಕಡೆಯಿಂದ ಅಡ್ಡಡ್ಡ ಇಣುಕ್ತಾ ಇದೆ.

ಇದಕ್ಕೆ ಬೇಕಾಗಿದ್ದು ಹಲ್ಲೂ ಅಲ್ಲ, ಒಂದು ಉಕ್ಕಿನ ಉಂಗುರ ಮತ್ತು ಅದಕ್ಕೆ ಬೆಸೆದ ಒಂದು ತಂತಿಯ ಕುಣಿಕೆ. ಹಿಂದಿನ ಹಲ್ಲಿಗೆ ತೊಡಿಸಿದರೆ ಜಾಗ ಕಾಯ್ತಾ ಕೂರುತ್ತೆ, ಹೊಸ ಹಲ್ಲು ಬರುವಾಗ ತೆಗೆದರಾಯ್ತು. ಕೀಳಿದವರು ಹೇಳಲಿಲ್ಲ, ನಾವು ಕೇಳಲಿಲ್ಲ. ಒಂದು ಎಕ್ಸ್‌ರೇ ತೆಗೆಸಿದ್ದರೆ ಕೆಳಗೆ ಹೊಸ ಹಲ್ಲು ಇದೆಯೋ ಇಲ್ಲವೋ ಅನ್ನೋದೂ ತಿಳೀತಿತ್ತು. ಕೆಲವು ಮಕ್ಕಳಿಗೆ ಅದು ಇರೋದೇ ಇಲ್ಲ, ಅಂಥವರಿಗೆ ಹಾಲುಹಲ್ಲನ್ನೇ ಆದಷ್ಟು ವರ್ಷ ಉಳಿಸಿಕೊಳ್ಳೋದು ಒಳ್ಳೇದು.

ನಮ್ಮ ರಾಜ್ಯದಲ್ಲಿ ಬಡ ಹಿರಿಯರಿಗೆ ಉಚಿತ ಹಲ್ಲುಸೆಟ್ಟು ಕೊಡೋಕೆ ದಂತ ಭಾಗ್ಯ ಅಂತ ಯೋಜನೆ ಬಂತು, ಒಳ್ಳೆ ಕೆಲಸವೇ. ಹಾಗೇ ಸರ್ಕಾರಿ ಶಾಲೆ ಮಕ್ಕಳಿಗೆ ಈ ಉಂಗುರ ತಂತಿ ಸಿಗೋ ಹಾಗೆ ಮಾಡಿದರೆ ಎಷ್ಟು ವಕ್ರ ಹಲ್ಲು ತಪ್ಪಬಹುದು, ಯಾರಾದರೂ ಯೋಚಿಸ್ತಾರಾ? ಮುಂದಿನ ಹಲ್ಲು ಎಲ್ಲರಿಗೂ ಕಾಣುತ್ತೆ, ಸಾಲ ಮಾಡಿಯಾದರೂ ಓಡ್ತೀವಿ. ಮೂರು ವರ್ಷದ ಮಗುವಿನ ಮುಂದಿನ ಹಾಲುಹಲ್ಲು ಬಿದ್ದರಂತೂ ಫೋಟೋ ಚೆನ್ನಾಗಿ ಬರಲ್ಲ ಅಂತ ಅಳೋರನ್ನೂ ನೋಡಿದ್ದೀನಿ. ಅಲ್ಲಿ ಹೆಚ್ಚಾಗಿ ಏನೂ ಮಾಡಬೇಕಿಲ್ಲ, ಉಳಿದ ಹಲ್ಲು ಸರಿ ಇದ್ದರೆ ಆ ಜಾಗ ಅಷ್ಟಾಗಿ ಮುಚ್ಚಿಕೊಳ್ಳಲ್ಲ. ಹಿಂದಿನದ್ದು ಹೋದಾಗ ಮಾತ್ರ ಐಸ್‌ಕ್ರೀಮು.

ಬರೋ ಶನಿವಾರ ಮತ್ತೆ ಘಟ್ಟ ಇಳೀಬೇಕು. ವಾಲಿದ ದವಡೆಹಲ್ಲನ್ನ ಹಿಂದೆ ತಳ್ಳೋಕೆ ಆಗುತ್ತಾ ಅಂತ ನೋಡ್ತಾರಂತೆ. ಪುಟ್ಟಿ ನಿನ್ನೆ ತಮ್ಮನ ಬಾಯಿಗೆ ಟಾರ್ಚ್ ಹಿಡಿದು ಪರೀಕ್ಷೆ ಮಾಡ್ತಿದ್ದಳು. ‘ಮಾಮ, ಇವನದ್ದಕ್ಕೆ ನನ್ನದಕ್ಕಿಂತ ಜಾಸ್ತಿ ದುಡ್ಡಾಗುತ್ತೆ ಅಲ್ವಾ?’ ಅಂದಳು. ಭಾವ ಪೇಪರ್ ಓದ್ತಾ ಕೂತಿದ್ದರು, ತಲೆ ಎತ್ತಲಿಲ್ಲ.