ಹೊಟ್ಟೆ ತುಂಬಿದರೂ ಹೋಗದ ಹಸಿವು

‘ಹೊಟ್ಟೆ ತುಂಬಿದವನಿಗೆ ಹುಗ್ಗಿ ಮುಳ್ಳು’ ಎನ್ನುತ್ತದೆ ಗಾದೆ. ಬಾಲ್ಯದಲ್ಲಿ ಹಸಿವು ಕಂಡವರ ವಿಷಯದಲ್ಲಿ ಇದು ನಿಜವಲ್ಲ. ಗಬಗಬನೆ ತಿನ್ನುವುದು, ಹೊಟ್ಟೆ ತುಂಬಿದ ಮೇಲೂ ಇನ್ನೊಮ್ಮೆ ಅನ್ನ ಹಾಕಿಸಿಕೊಳ್ಳುವುದು, ತಂಗಳನ್ನ ಎಸೆಯಲು ಮನಸ್ಸು ಬಾರದಿರುವುದು ಹಾಸ್ಟೆಲ್ ಮೆಸ್‌ಗಳಲ್ಲಿ ನಿತ್ಯ ಕಾಣುವ ನೋಟ. ಅದನ್ನು ಕಂಡು ನಗುವವರೂ ಇದ್ದಾರೆ.

ಇದು ಹೊಟ್ಟೆಬಾಕತನವಲ್ಲ. 1944–45ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಅಧ್ಯಯನ ನಡೆಸಲಾಯಿತು. ಆಮೇಲೆ ಬೇಕಾದಷ್ಟು ಊಟ ಸಿಕ್ಕರೂ ಹಲವರಿಗೆ ತೃಪ್ತಿಯೇ ಆಗಲಿಲ್ಲ. ಬೆಳೆದವರ ಪಾಡೇ ಹೀಗಾದರೆ, ಬೆಳೆಯುವ ಮಕ್ಕಳ ಗತಿ ಏನು?

ಬಳ್ಳಾರಿಗೆ ಬರ ಹೊಸದಲ್ಲ. 1876–78ರ ಮಹಾಕ್ಷಾಮದಲ್ಲಿ ತೀವ್ರವಾಗಿ ನಲುಗಿದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ತುಂಗಭದ್ರೆಯ ಕಾಲುವೆ ಬಂದ ಮೇಲೆ ಸಿರುಗುಪ್ಪ, ಕುರುಗೋಡು ಭಾಗ ಭತ್ತದ ಕಣಜವಾಯಿತು. ಜೋಳ, ನವಣೆ ಹಿಂದೆ ಸರಿದವು. ಆದರೆ ಕಣಜದ ಊರಲ್ಲಿ ಎಲ್ಲರ ಮನೆಯಲ್ಲೂ ಕಣಜವಿಲ್ಲ. ನಾಟಿ, ಕೊಯ್ಲಿನ ಕೂಲಿಯನ್ನೇ ನಂಬಿದವರಿಗೆ ಕಾಲುವೆ ಬತ್ತಿದರೆ ಗುಳೆಯೇ ಗತಿ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಆ ಭಯ ಎಷ್ಟು ಹತ್ತಿರವಿದೆ ಎಂಬುದು ಎಲ್ಲರಿಗೂ ಗೊತ್ತಾಯಿತು.

2002ರಲ್ಲಿ ಅಕ್ಷರ ದಾಸೋಹ, 2013ರಲ್ಲಿ ಅನ್ನಭಾಗ್ಯ ಬಂದು ಹಸಿವು ತಗ್ಗಿದ್ದು ನಿಜ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಅನ್ನ ಹೊಟ್ಟೆ ತುಂಬಿಸುತ್ತದೆ. ಮೈ ಬೆಳೆಯಲು ಬೇಳೆ, ಹಾಲು, ತರಕಾರಿ, ಮೊಟ್ಟೆಯೂ ಬೇಕು. ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡಲು 2024ರಲ್ಲಿ ಮುಂದಾದದ್ದು ಸರಿಯಾದ ಹೆಜ್ಜೆ.

ಆದರೆ ಬಿಸಿಯೂಟ ಹತ್ತನೇ ತರಗತಿಗೆ ಮುಗಿಯುತ್ತದೆ. ಸಿರುಗುಪ್ಪ, ಕುರುಗೋಡಿನಿಂದ ಬೆಳಗಿನ ಬಸ್ ಹಿಡಿದು ಬಳ್ಳಾರಿಯ ಕಾಲೇಜಿಗೆ ಬರುವ ಎಷ್ಟೋ ಮಂದಿಗೆ ತಿಂಡಿ ಇಲ್ಲ, ಮಧ್ಯಾಹ್ನ ಚಹಾ–ಬಿಸ್ಕತ್ತು, ರಾತ್ರಿ ತಟ್ಟೆ ತುಂಬ ಅನ್ನ. ಬಾಲ್ಯದ ಕೊರತೆಯ ಮೇಲೆ ಈ ಅಭ್ಯಾಸವೂ ಸೇರಿದರೆ ಮುಂದೆ ಮಧುಮೇಹದ ಅಪಾಯ ಹೆಚ್ಚು. ಕೆಲಸ ಸಿಕ್ಕ ಮೇಲೆ ಮೊದಲ ಸಂಬಳದಲ್ಲಿ ಬಿರಿಯಾನಿ ತಿಂದರೆ ಇದು ಸರಿಹೋಗದು.

ಇಂದಿರಾ ಕ್ಯಾಂಟೀನ್ ಮಾದರಿಯಲ್ಲಿ ಸರ್ಕಾರಿ ಪಿಯು, ಪದವಿ ಕಾಲೇಜುಗಳಲ್ಲೂ ಅಗ್ಗದ ದರಕ್ಕೆ ಮೊಟ್ಟೆ, ಕಾಳು, ಜೋಳದ ರೊಟ್ಟಿ ಇರುವ ಊಟ ಸಿಗಲಿ. ನಾಳೆಯೂ ಊಟ ಇದೆ ಎಂಬ ನಂಬಿಕೆ ಹುಟ್ಟಿದರೆ ಮಾತ್ರ ಇಂದಿನ ಊಟವನ್ನು ನಿಧಾನವಾಗಿ ಉಣ್ಣಲು ಸಾಧ್ಯ.